ಬಿಸಿ ಮೊದಲು, ಕೀಲಿ ಆಮೇಲೆ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಚಳಿಗಾಲದ ಕೆಲವು ರಾತ್ರಿ ಮೈನಸ್ 40 ಡಿಗ್ರಿ. ಪಾದರಸವೇ ಹೆಪ್ಪುಗಟ್ಟುವ ಚಳಿ. ಅಂಥ ರಾತ್ರಿ ಬಯಲಲ್ಲಿ ನಿಂತ ಸೆಸ್ನಾ 172 ಎಂಬ ಸಣ್ಣ ವಿಮಾನದ ಕೀಲಿಯನ್ನು ಬೆಳಿಗ್ಗೆ ಸುಮ್ನೆ ತಿರುಗಿಸಿದರೆ ಎಂಜಿನ್ ಸ್ಟಾರ್ಟ್ ಆಗಲಿಕ್ಕಿಲ್ಲ. ಆಗಿಬಿಟ್ಟರೆ ಇನ್ನೂ ಕಷ್ಟ.

ಯಾಕೆಂದರೆ ಎಂಜಿನ್ನಿನ ಹೊರಕವಚ ಅಲ್ಯೂಮಿನಿಯಂ, ಒಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಉಕ್ಕು. ಚಳಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಬೇರಿಂಗ್‌ಗಳಲ್ಲಿ ಆಯಿಲ್ ಹರಿಯಬೇಕಾದ ಸಂದು ಕಿರಿದಾಗುತ್ತದೆ. ಆಯಿಲ್ಲೋ, ಜೋನಿಬೆಲ್ಲದಷ್ಟು ಮಂದ. ಲೋಹಕ್ಕೆ ಲೋಹ ಉಜ್ಜುತ್ತದೆ. ಒಂದೇ ಸ್ಟಾರ್ಟ್‌ನಲ್ಲಿ ಆಗುವ ಸವೆತ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಹಾಗಾಗಿ ಮೊದಲ ಕೆಲಸ ಬಿಸಿ ಮಾಡುವುದು. ಮೈನಸ್ 12 ಡಿಗ್ರಿಗಿಂತ ಕೆಳಗೆ ಬಿಸಿ ಮಾಡದೆ ಸ್ಟಾರ್ಟ್ ಮಾಡಬೇಡಿ ಎನ್ನುತ್ತದೆ ವಿಮಾನದ ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿ. ಅದರ ಕೆಲವು ಎಂಜಿನ್‌ಗಳಿಗೆ ಮೈನಸ್ 6ರಿಂದಲೇ ಈ ನಿಯಮ. ಕರೆಂಟ್ ಇದ್ದ ಕಡೆ ಸುಲಭ: ಎಂಜಿನ್ ತಳದ ಆಯಿಲ್ ತೊಟ್ಟಿಗೂ (ಆಯಿಲ್ ಸಂಪ್) ಸಿಲಿಂಡರ್‌ಗಳಿಗೂ ಕೂರಿಸಿದ ಹೀಟರ್‌ಗೆ ರಾತ್ರಿಯೇ ಪ್ಲಗ್ ಹಾಕಿ, ಮೂತಿಗೆ ದಪ್ಪ ಹೊದಿಕೆ ಹೊದಿಸಿ. ಕರೆಂಟ್ ಇಲ್ಲದಿದ್ದರೆ ಬಿಸಿಗಾಳಿ ಊದುವ ಯಂತ್ರ. ಬಹಳ ಜನ ಎಡವುವುದು ಇಲ್ಲೇ. ಸಿಲಿಂಡರ್‌ಗೆ ಮಾತ್ರ ಗಾಳಿ ಊದುತ್ತಾರೆ. ಬಿಸಿ ತೋರಿಸುವ ಮೀಟರಿನ ಮುಳ್ಳು ಏರುತ್ತದೆ, ಬೇರಿಂಗ್ ತಣ್ಣಗೇ ಇರುತ್ತದೆ. ಕೊಳವೆಯನ್ನು ಕೆಳಗೆ ಆಯಿಲ್ ಸಂಪ್‌ಗೂ ಹಿಡಿಯಿರಿ, ಜಾಗ ಬದಲಿಸುತ್ತಿರಿ. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದಾಗ ಆಯಿಲ್ ತೊಟ್ಟಿಕ್ಕಬೇಕು. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಹೀಟರ್ ಬಿಟ್ಟು ಚಹಾಕ್ಕೆ ಹೋಗಬೇಡಿ. ಅಲಾಸ್ಕಾದ ಹಳೆಯ ಪೈಲಟ್‌ಗಳು ಸಂಜೆ ಆಯಿಲ್ ಬಸಿದು ಒಳಗೆ ಒಯ್ದು, ಬೆಳಿಗ್ಗೆ ಒಲೆಯ ಮೇಲೆ ಬಿಸಿ ಮಾಡಿ ಮತ್ತೆ ಸುರಿಯುತ್ತಿದ್ದರು. ಆ ಪಾಡು ಈಗಿಲ್ಲ, ಅಲ್ವಾ?

ಎಂಜಿನ್ನಿನ ಒಳಗಿನ ಆವಿಯನ್ನು ಹೊರಗೆ ಬಿಡುವ ಉಸಿರುಕೊಳವೆಯ ಬಾಯಲ್ಲಿ ಮಂಜು ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಒಳಗೆ ಒತ್ತಡ ಏರಿ ಸೀಲ್ ಕಿತ್ತು ಆಯಿಲ್ ಹೊರಗೆ ಸುರಿಯಬಹುದು. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವಾಗ ಕೀಲಿ ಜೇಬಿನಲ್ಲಿದ್ದರೂ ನಂಬಬೇಡಿ. ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದ ಒಂದು ವೈರ್ ತುಂಡಾಗಿದ್ದರೆ ಸಾಕು, ಎಂಜಿನ್ ತಟ್ಟನೆ ಸ್ಟಾರ್ಟ್ ಆಗಿಬಿಡಬಹುದು.

ಚಳಿಗೆ ಪೆಟ್ರೋಲ್ ಬೇಗ ಆವಿಯಾಗದು, ಸ್ಟಾರ್ಟ್‌ಗೆ ಮೊದಲು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಕೈಪಂಪನ್ನು (ಪ್ರೈಮರ್) ಜಾಸ್ತಿ ಒತ್ತಬೇಕು. ಎಷ್ಟು ಸಲ ಎಂಬುದು ಕೈಪಿಡಿಯಲ್ಲಿದೆ. ಮಿತಿ ಮೀರಿದರೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಹತ್ತಿದರೆ ಸ್ಟಾರ್ಟರ್ ಬಿಡಬೇಡಿ. ಎಂಜಿನ್ ತಿರುಗುತ್ತಿದ್ದರೆ ಜ್ವಾಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಒಂದೆರಡು ಸಲ ಕೆಮ್ಮಿ ನಿಂತಿತೇ? ಪೆಟ್ರೋಲ್ ಉರಿದಾಗ ಹುಟ್ಟಿದ ನೀರಾವಿ ಸ್ಪಾರ್ಕ್ ಪ್ಲಗ್‌ನ ತುದಿಯಲ್ಲಿ ಮಂಜಾಗಿ ಕೂತಿರುತ್ತದೆ. ಇನ್ನು ಕಿಡಿ ಹಾರುವುದಿಲ್ಲ. ಮತ್ತೆ ಮತ್ತೆ ಸ್ಟಾರ್ಟರ್ ಒತ್ತಿದರೆ ಬ್ಯಾಟರಿ ಕೂರುತ್ತದೆ, ಮಂಜು ಕರಗದು. ಮತ್ತೆ ಬಿಸಿ ಮಾಡುವುದೊಂದೇ ದಾರಿ.

ಸ್ಟಾರ್ಟ್ ಆದ ಮೇಲೆ 1000 ಆರ್‌ಪಿಎಂ ಸಾಕು. ಆಯಿಲ್ ಒತ್ತಡದ ಮುಳ್ಳು ಬೇಸಿಗೆಯಲ್ಲಿ 30 ಸೆಕೆಂಡಿನೊಳಗೆ ಏಳಬೇಕು. ಕಡು ಚಳಿಯಲ್ಲಿ ಒಂದು ನಿಮಿಷ ಕೊಡಬಹುದು. ಏಳದಿದ್ದರೆ ಆಫ್ ಮಾಡಿ. ಎದ್ದರೆ ಕೆಲವು ನಿಮಿಷ ಹಾಗೇ ಓಡಲಿ. ಥ್ರಾಟಲ್ ಏರಿಸಿದಾಗ ಎಂಜಿನ್ ತಡವರಿಸದೆ ವೇಗ ಪಡೆದು, ಒತ್ತಡದ ಮುಳ್ಳು ಅಲುಗದೆ ನಿಂತರೆ ಟೇಕಾಫ್ ಮಾಡಬಹುದು.