ದ್ವೀಪದ ಕಡಲೂರಿಗೆ ಮನೆ ಬದಲಿಸುವ ಮುಂಚೆ ಒಂದು ಮಳೆಗಾಲ ಅಲ್ಲಿದ್ದು ನೋಡಿ

ರಜೆಗೆ ಹೋಗಿ ಹತ್ತು ದಿನ ಇದ್ದು ಬಂದ ದ್ವೀಪದಲ್ಲೇ ಮನೆ ಮಾಡಿಬಿಡೋಣ ಅನ್ನಿಸುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹತ್ತು ದಿನದಲ್ಲಿ ನೀವು ನೋಡಿದ್ದು ಊರಿನ ಒಳ್ಳೆಯ ಕಾಲವನ್ನು ಮಾತ್ರ. ಕಡಲು ಶಾಂತವಾಗಿತ್ತು, ನಲ್ಲಿ ನೀರು ಎಲ್ಲಿಂದ ಬರುತ್ತದೆ ಅಂತ ಕೇಳುವ ಅಗತ್ಯ ಬರಲಿಲ್ಲ, ಕರೆಂಟ್ ಹೋದರೂ ಹೋಟೆಲಿನ ಜನರೇಟರ್ ಇತ್ತು. ಅಲ್ಲೇ ಬದುಕುವವರು ನೋಡಬೇಕಾದದ್ದು ಕೆಟ್ಟ ಕಾಲವನ್ನು. ಅದಕ್ಕೇ ಮಳೆಗಾಲದಲ್ಲಿ ಹೋಗಿ ಅಂತ ಹೇಳುತ್ತೇನೆ. ಒಂದು ವಾರ ಸಾಲದು. ಎರಡು ಮೂರು ತಿಂಗಳು, ಊರಿನವರೇ ಇರುವ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಇರಿ.

ಮೊದಲು ಗಾಳಿಮಳೆಯ ಲೆಕ್ಕ. ಕೆರಿಬಿಯನ್ ಕಡೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ದಕ್ಷಿಣ ಪೆಸಿಫಿಕ್‌ನಲ್ಲಿ ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್. ಫಿಲಿಪೀನ್ಸ್ ಇರುವ ಭಾಗದಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು. ಭೂಮಧ್ಯರೇಖೆಗೆ ತೀರಾ ಹತ್ತಿರ, ಅಂದರೆ ಸುಮಾರು 5 ಡಿಗ್ರಿ ಒಳಗೆ, ಚಂಡಮಾರುತ ಹುಟ್ಟುವುದೇ ಅಪರೂಪ. ಯಾಕೆಂದರೆ ಗಾಳಿಯನ್ನು ಸುರುಳಿ ಸುತ್ತಿಸುವ ಭೂಮಿಯ ತಿರುಗುವಿಕೆಯ ಪ್ರಭಾವ ಅಲ್ಲಿ ತುಂಬಾ ಕಡಿಮೆ. ದ್ವೀಪ ಇನ್ನೂ ಆರಿಸಿಲ್ಲ ಅಂದರೆ ಈ ಒಂದು ವಿಷಯ ನೋಡಿಯೇ ಪಟ್ಟಿ ಸಣ್ಣದು ಮಾಡಿಕೊಳ್ಳಬಹುದು. ಬಿರುಗಾಳಿ ಒಂದೇ ರಾತ್ರಿಯಲ್ಲಿ ಹೋಗಿಬಿಡುತ್ತದೆ, ಕಷ್ಟ ಶುರುವಾಗುವುದು ಆಮೇಲೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಹೊಡೆದ ಮೇಲೆ ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದಲ್ಲಿ ಎಲ್ಲರ ಮನೆಗೂ ಕರೆಂಟ್ ವಾಪಸ್ ಬರುವಷ್ಟರಲ್ಲಿ ಹತ್ತಿರ ಹತ್ತಿರ 11 ತಿಂಗಳಾಯಿತು. ಮನೆ ನೋಡಲು ಹೋದಾಗ ಪಕ್ಕದ ಮನೆಯ ಹಿರಿಯರನ್ನು ಕೇಳಿ: ಕಳೆದ ಸಲ ನೀರು ಎಲ್ಲಿಯವರೆಗೆ ಬಂದಿತ್ತು? ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ದಲ್ಲಾಳಿ ಇದನ್ನು ತಾನಾಗಿ ಹೇಳುತ್ತಾನೆ ಅಂತ ಕಾಯಬೇಡಿ. ಇನ್ನೊಂದು ಮಾತು, ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ: ದಡದಲ್ಲಿರುವಾಗ ಭೂಮಿ ಜೋರಾಗಿ, ತುಂಬಾ ಹೊತ್ತು ನಡುಗಿದರೆ ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಸೈರನ್‌ಗೆ ಕಾಯದೆ ಎತ್ತರದ ಜಾಗಕ್ಕೆ ಓಡಬೇಕು.

ಸುತ್ತ ನೀರೇ ನೀರು, ಆದರೆ ಕುಡಿಯುವ ನೀರಿನದ್ದೇ ಚಿಂತೆ. ಸಣ್ಣ, ತಗ್ಗಾದ ದ್ವೀಪಗಳಲ್ಲಿ ಮಳೆಯ ಸಿಹಿನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಲೆಕ್ಕದ ಪ್ರಕಾರ ಕಡಲ ಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ. ಪಂಪ್ ಹಾಕಿ ಎಳೆದೂ ಎಳೆದೂ ಮೇಲಿನ ಮಟ್ಟ ಸ್ವಲ್ಪ ಇಳಿಯಿತು ಅಂದರೂ ಕೆಳಗಿನಿಂದ ಉಪ್ಪು ತುಂಬಾ ಮೇಲಕ್ಕೆ ಏರುತ್ತದೆ. ಹಾಗಾಗಿ ಬಾವಿ ಇದೆ ಅಂತ ಖುಷಿಪಡಬೇಡಿ, ಬೇಸಿಗೆಯ ಕೊನೆಯಲ್ಲಿ ಆ ನೀರಿನ ರುಚಿ ಹೇಗಿರುತ್ತದೆ ಅಂತ ಕೇಳಿ. ಚಾವಣಿಯ ಮಳೆನೀರು ಹಿಡಿಯುವ ಟ್ಯಾಂಕ್ ಇದೆಯಾ, ಎಷ್ಟು ದೊಡ್ಡದು, ಕೊನೆಯ ಸಲ ತೊಳೆದದ್ದು ಯಾವಾಗ, ಎಲ್ಲಾ ಕೇಳಿ. ಕಡಲ ನೀರನ್ನೇ ಸಿಹಿ ಮಾಡುವ ಘಟಕ ಇರುವ ಊರಾದರೆ ಅದು ಕರೆಂಟ್ ಇದ್ದರೆ ಮಾತ್ರ ಓಡುತ್ತದೆ, ಎಷ್ಟೋ ದ್ವೀಪಗಳಲ್ಲಿ ಆ ಕರೆಂಟ್ ಡೀಸೆಲ್‌ನಿಂದ ಬರುತ್ತದೆ, ಡೀಸೆಲ್ ಹಡಗಿನಲ್ಲಿ ಬರುತ್ತದೆ. ಹಡಗು ತಡವಾದರೆ ಎಲ್ಲವೂ ತಡ. ಮನೆ ಮಾಲೀಕರ ಹತ್ತಿರ ಕಳೆದ ಒಂದು ವರ್ಷದ ಕರೆಂಟ್ ಬಿಲ್ ಕೇಳಿ ನೋಡಿ. ಸಂಕೋಚ ಬೇಡ.

ಮನೆಯಿಂದಲೇ ಕೆಲಸ ಮಾಡುವವರಿಗೆ ಇಂಟರ್ನೆಟ್ಟೇ ಅನ್ನ, ಅಲ್ವಾ? ಕಡಲ ತಳದಲ್ಲಿ ಎಷ್ಟು ಕೇಬಲ್ ಬಂದಿದೆ ಅಂತ ವಿಚಾರಿಸಿ. 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಟೋಂಗಾ ದೇಶವನ್ನು ಹೊರಗಿನ ಜಗತ್ತಿಗೆ ಜೋಡಿಸಿದ್ದ ಕೇಬಲ್ ತುಂಡಾಯಿತು. ಮುಖ್ಯ ದ್ವೀಪಕ್ಕೆ ಅದನ್ನು ಸರಿಮಾಡಲು ಸುಮಾರು ಐದು ವಾರ ಹಿಡಿಯಿತು.

ಇನ್ನು ಉಪ್ಪುಗಾಳಿ. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು, ಯಾಕೆಂದರೆ ಇದು ಸದ್ದಿಲ್ಲದೆ ನಿಮ್ಮ ದುಡ್ಡು ತಿನ್ನುತ್ತದೆ. ಬಾಗಿಲಿನ ಕೀಲು, ಬೀಗ, ಎಸಿಯ ಹೊರಗಿನ ಡಬ್ಬ, ಫ್ರಿಡ್ಜ್‌ನ ಹಿಂಭಾಗ, ಗಾಡಿಯ ಅಡಿಭಾಗ, ಎಲ್ಲಕ್ಕೂ ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಸಾಕು ಅಂದುಕೊಳ್ಳಬೇಡಿ, ಸಾಮಾನ್ಯವಾದ 304 ದರ್ಜೆ ಕಡಲ ಪಕ್ಕದಲ್ಲಿ ಕಲೆಗಟ್ಟುತ್ತದೆ, 316 ಕೇಳಿ ತಗೊಳ್ಳಿ. ಗಾಡಿಯ ಅಡಿಗೆ ಆಗಾಗ ಸಿಹಿನೀರು ಹೊಡೆಯಿರಿ. ತೇವ ಬೇರೆ. ಚರ್ಮದ ಚಪ್ಪಲಿ, ಪುಸ್ತಕ, ಬಟ್ಟೆ, ಕ್ಯಾಮೆರಾ ಲೆನ್ಸ್, ಮುಚ್ಚಿಟ್ಟದ್ದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಹಳೆಯ ಪುಸ್ತಕಗಳ ಮೇಲೆ ಪ್ರೀತಿ ಇದ್ದವರು ಅವನ್ನು ನಂಬಿಕೆಯವರ ಮನೆಯಲ್ಲಿ ಬಿಟ್ಟು ಹೋಗಿ. ಕಡಲಿಗೆ ಮುಖ ಮಾಡಿದ ಮನೆಗಿಂತ ಎರಡು ಮೂರು ಬೀದಿ ಒಳಗಿರುವ, ಸ್ವಲ್ಪ ಎತ್ತರದ, ಗಾಳಿ ಅಡ್ಡಡ್ಡ ಓಡಾಡುವ ಮನೆಯೇ ವಾಸಕ್ಕೆ ಒಳ್ಳೆಯದು. ಅಲೆ ನೋಡಬೇಕು ಅನ್ನಿಸಿದಾಗ ಐದು ನಿಮಿಷ ನಡೆದರಾಯಿತು.

ಆಸ್ಪತ್ರೆ ಇದೆ ಅಂದರೆ ಏನೇನಿದೆ ಅಂತ ಒಳಗೆ ಹೋಗಿ ಕೇಳಿ. ಆಪರೇಷನ್ ಮಾಡುತ್ತಾರಾ? ರಕ್ತ ಸಿಗುತ್ತದಾ? ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ, ದೋಣಿ ಬೆಳಗ್ಗೆಯೇ ಹೊರಡುವುದಾದರೆ, ಏನು ದಾರಿ? ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ, ಮನೆಯಲ್ಲಿ ವಯಸ್ಸಾದವರು ಅಥವಾ ಬಸುರಿ ಇದ್ದರೆ, ಆ ಊರು ಬೇಡ. ವಿಮಾನದಲ್ಲಿ ಸಾಗಿಸುವ ಖರ್ಚು ಕೊಡುವ ವಿಮೆ ಇದೆಯಾ ನೋಡಿ. ದಿನವೂ ತಗೊಳ್ಳುವ ಮಾತ್ರೆ ಅಲ್ಲಿ ಸಿಗುತ್ತದಾ ಅಂತ ನೀವೇ ಔಷಧಿ ಅಂಗಡಿಯಲ್ಲಿ ಕೇಳಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದು ಬೆಳೆಯುವುದು ಬಕೆಟ್, ಹೂಕುಂಡದ ತಟ್ಟೆ, ಹಳೆ ಟೈರ್‌ನಲ್ಲಿ ನಿಂತ ನೀರಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಎಲ್ಲವನ್ನೂ ಚೆಲ್ಲಿ, ಉಜ್ಜಿ ತೊಳೆಯಿರಿ.

ಕಾಗದಪತ್ರದ ವಿಷಯದಲ್ಲಿ ಮೂರು ಬೇರೆ ಬೇರೆ ಅನುಮತಿ ಇದೆ ಅಂತ ನೆನಪಿಡಿ: ಇರಲು, ದುಡಿಯಲು, ಜಾಗ ಕೊಳ್ಳಲು. ಒಂದು ಸಿಕ್ಕಿತು ಅಂತ ಉಳಿದದ್ದು ಬರುವುದಿಲ್ಲ. ಫಿಲಿಪೀನ್ಸ್‌ನಲ್ಲಿ ವಿದೇಶಿಯರು ಭೂಮಿ ಕೊಳ್ಳುವುದನ್ನು ಸಂವಿಧಾನವೇ ತಡೆಯುತ್ತದೆ. ಇಂಡೊನೇಷ್ಯಾದಲ್ಲಿ ಭೂಮಿಯ ಪೂರ್ಣ ಒಡೆತನ ವಿದೇಶಿಯರಿಗೆ ಇಲ್ಲ. ಊರಿನ ಗೆಳೆಯನ ಹೆಸರಲ್ಲಿ ತಗೊಳ್ಳೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನಾಳೆ ಕೋರ್ಟಿಗೆ ಹೋದರೆ ಜಾಗ ನಿಮ್ಮದಲ್ಲ. ನಾಯಿ ಬೆಕ್ಕು ಇದ್ದವರು ತಿಂಗಳುಗಟ್ಟಲೆ ಮುಂಚೆಯೇ ತಯಾರಿ ಶುರುಮಾಡಿ. ರೇಬಿಸ್ ಇಲ್ಲದ ಹವಾಯಿಯಲ್ಲಿ ಲಸಿಕೆ, ಪರೀಕ್ಷೆ ಸರಿಯಿಲ್ಲದಿದ್ದರೆ 120 ದಿನದವರೆಗೆ ಅವುಗಳನ್ನು ಬೇರೆ ಇಡುತ್ತಾರೆ.

ಅಲ್ಲೇ ಅಂಗಡಿ ಹಾಕಿ ಪ್ರವಾಸಿಗರನ್ನು ನಂಬಿ ಬದುಕುತ್ತೇನೆ ಅನ್ನುವವರು ಫಿಲಿಪೀನ್ಸ್‌ನ ಬೊರಾಕೇ ದ್ವೀಪದ ಕಥೆ ತಿಳಿದಿರಿ. ಕಡಲು ಕೊಳೆಯಾಯಿತು ಅಂತ 2018ರಲ್ಲಿ ಸರ್ಕಾರ ಇಡೀ ದ್ವೀಪವನ್ನು ಆರು ತಿಂಗಳು ಪ್ರವಾಸಿಗರಿಗೆ ಮುಚ್ಚಿತು. ಆರು ತಿಂಗಳು ಗಿರಾಕಿ ಇಲ್ಲದೆ ತಡೆದುಕೊಳ್ಳುವಷ್ಟು ಉಳಿತಾಯ ಇಟ್ಟುಕೊಂಡೇ ಹೋಗಿ.

ಊರಿನ ಭಾಷೆಯಲ್ಲಿ ನಾಲ್ಕು ಮಾತು ಕಲಿತು ಹೋಗಿ. ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಪೈಪ್ ಒಡೆದ ದಿನ ಬರುವುದು ಪಕ್ಕದ ಮನೆಯವರೇ. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಸಂಜೆ ಆರರ ಸುಮಾರಿಗೆ ಕತ್ತಲು, ಆ ಉದ್ದದ ಸಂಜೆಗಳನ್ನು ಯಾರ ಜೊತೆ ಕಳೆಯುತ್ತೀರಿ ಅನ್ನುವುದೂ ಯೋಚಿಸಬೇಕಾದ ಮಾತೇ.

ಮಳೆಗಾಲ ಕಳೆದ ಮೇಲೂ ಇಷ್ಟವಾಯಿತಾ? ಹಾಗಾದರೆ ಒಂದು ವರ್ಷದ ಬಾಡಿಗೆ ಕರಾರು ಮಾಡಿಕೊಳ್ಳಿ. ಇಲ್ಲಿಯ ಮನೆ ಮಾರಬೇಡಿ, ವಾಪಸ್ ಬರುವ ಟಿಕೆಟ್ಟಿನ ದುಡ್ಡು ಮುಟ್ಟಬೇಡಿ, ಸಾಮಾನು ಎರಡು ಪೆಟ್ಟಿಗೆಗಿಂತ ಜಾಸ್ತಿ ಒಯ್ಯಬೇಡಿ. ಉಳಿದದ್ದನ್ನು ಮುಂದಿನ ವರ್ಷ ತರಿಸಿಕೊಳ್ಳಬಹುದು.