ತೊಗರಿ ಕಾಳಿನಲ್ಲಿ ಪರಮಾಣು ಕಟ್ಟೋಣ ಬನ್ನಿ

ನಾನು ಶಹಾಪುರದಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಪರಮಾಣು ಪಾಠದ ದಿನ ಮಕ್ಕಳು ಮನೆಯಿಂದ ಒಂದು ಹಿಡಿ ತೊಗರಿ, ಒಂದು ಹಿಡಿ ಕಡಲೆ, ಚಿಟಿಕೆ ಎಳ್ಳು ತರುತ್ತಾರೆ. ನೀವೂ ತನ್ನಿ.

ತೊಗರಿ ಪ್ರೋಟಾನ್, ಕಡಲೆ ನ್ಯೂಟ್ರಾನ್, ಎಳ್ಳು ಎಲೆಕ್ಟ್ರಾನ್. ತಟ್ಟೆಯ ನಡುವೆ 6 ತೊಗರಿ, 6 ಕಡಲೆ ಗುಡ್ಡೆ ಹಾಕಿ. ಅದು ನ್ಯೂಕ್ಲಿಯಸ್. ಒಳಸುತ್ತಿನಲ್ಲಿ 2 ಎಳ್ಳು, ಹೊರಸುತ್ತಿನಲ್ಲಿ 4 ಇಡಿ. ಕಾರ್ಬನ್-12 ಸಿದ್ಧವಾಯಿತು. ತಟ್ಟೆ ಚಿಕ್ಕದು ಅನ್ನೋದು ನೆನಪಿರಲಿ. ನ್ಯೂಕ್ಲಿಯಸ್ಸೇ ಒಂದು ತೊಗರಿ ಕಾಳಿನಷ್ಟಿದ್ದರೆ, ಇಡೀ ಪರಮಾಣು ನೂರು ಮೀಟರ್‌ಗಿಂತ ಜಾಸ್ತಿ ಅಗಲ ಇರುತ್ತದೆ!

ಈಗ ಇನ್ನೂ 2 ಕಡಲೆ ಸೇರಿಸಿ. ತೊಗರಿ ಆರೇ ಇವೆ, ಅಲ್ವಾ? ಹಾಗಾಗಿ ಅದು ಕಾರ್ಬನ್ನೇ. ತೂಕ ಮಾತ್ರ ಹೆಚ್ಚಾಗಿ ಕಾರ್ಬನ್-14 ಆಯಿತು. ಇವೆರಡೂ ಕಾರ್ಬನ್ನಿನ ಐಸೋಟೋಪ್‌ಗಳು. ಇಲ್ಲಿ ಅವಸರ ಮಾಡಬೇಡಿ, ಮಕ್ಕಳು ಎಡವುವುದು ಇಲ್ಲೇ. ಕಡಲೆ ಹೆಚ್ಚಾದರೆ ಧಾತುವೇ ಬದಲಾಯಿತು ಅಂದುಕೊಳ್ಳುತ್ತಾರೆ. ಧಾತು ಯಾವುದು ಅಂತ ಹೇಳುವುದು ತೊಗರಿ ಮಾತ್ರ. ಒಂದು ತೊಗರಿ, ಒಂದು ಎಳ್ಳು ಹೆಚ್ಚಿಸಿ ನೋಡಿ. ಆಗ ಅದು ನೈಟ್ರೋಜನ್.

ಕಾರ್ಬನ್-12ರಲ್ಲಿರುವ 12ರಂತೆ ಹೆಸರಿನ ಜೊತೆ ಬರುವ ಅಂಕೆಯೇ ರಾಶಿ ಸಂಖ್ಯೆ, ಅಂದರೆ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಒಟ್ಟು ಲೆಕ್ಕ. ನ್ಯೂಟ್ರಾನ್ ಎಷ್ಟು ಅಂತ ತಿಳಿಯಲು ರಾಶಿ ಸಂಖ್ಯೆಯಲ್ಲಿ ಪ್ರೋಟಾನ್ ಕಳೆಯಿರಿ, ಸಾಕು. ನಮ್ಮ ತಾಲೂಕಿನ ಗೋಗಿಯ ನೆಲದಲ್ಲಿ ಯುರೇನಿಯಂ ಅದಿರು ಇದೆ. ಯುರೇನಿಯಂ ಅಂದರೆ 92 ಪ್ರೋಟಾನ್. ನಿಸರ್ಗದಲ್ಲಿ ಸಿಗುವುದರಲ್ಲಿ ಶೇ. 99ಕ್ಕೂ ಜಾಸ್ತಿ ಯುರೇನಿಯಂ-238, ಸುಮಾರು ಶೇ. 0.7ರಷ್ಟು ಯುರೇನಿಯಂ-235. ಕಳೆದು ನೋಡಿ: 146 ಮತ್ತು 143 ಬಂತಾ?