ಕೊನೆಯ ಗುಂಪಿನ ಲೆಕ್ಕ

ಹಲವು ಹಂತಗಳ ಸೈಕಲ್ ರೇಸಿನಲ್ಲಿ ನನ್ನ ಕೆಲಸವೆಲ್ಲ ಸಪಾಟು ರಸ್ತೆಯದು. ತಂಡದ ಕಾರಿನಿಂದ ಬಾಟಲಿ ತಂದು ಹಂಚುವುದು, ಕೊನೆಯ ಕಿಲೋಮೀಟರುಗಳಲ್ಲಿ ಗುರಿಯ ಹತ್ತಿರ ಒಮ್ಮೆಲೇ ನುಗ್ಗಿ ಗೆಲ್ಲಲು ನೋಡುವ ನಮ್ಮ ಸ್ಪ್ರಿಂಟರನ ಮುಂದೆ ಗಾಳಿ ಸೀಳಿಕೊಂಡು ಹೋಗುವುದು. ಮೈತೂಕ 79 ಕಿಲೋ. ಬೆಟ್ಟದ ದಿನ ಬಂತೆಂದರೆ ಕಾಲಮಿತಿಯೊಳಗೆ ಗುರಿ ಮುಟ್ಟಿದರೆ ಸಾಕು. ಗೆದ್ದವನ ಸಮಯದ ಮೇಲೆ ಶೇಕಡಾ ಇಂತಿಷ್ಟು ಎಂದು ಗಡುವು ಇರುತ್ತದೆ. ಅದನ್ನು ಮೀರಿದವನಿಗೆ ರೇಸು ಅಲ್ಲಿಗೆ ಮುಗಿಯಿತು.

ಎಂಟು ದಿನದ ರೇಸೊಂದರ ಐದನೇ ಹಂತ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. 172 ಕಿ.ಮೀ., ಮೂರು ದೊಡ್ಡ ಏರು, ಗುರಿ ಇದ್ದದ್ದು ಮೂರನೆಯದರ ನೆತ್ತಿಯ ಮೇಲೆ. ಮಿತಿ ಶೇ 15. ಗೆಲ್ಲುವವನಿಗೆ ಐದು ಗಂಟೆ ಹಿಡಿದರೆ ನಮಗೆ 45 ನಿಮಿಷ ಸಿಗುತ್ತದೆ. ಮುಂದಿನವರು ಜೋರು ಮಾಡಿದಷ್ಟೂ ಅದು ಕುಗ್ಗುತ್ತದೆ. ಏರುಗಳು ಎಷ್ಟನೇ ಕಿಲೋಮೀಟರಿಗೆ ಶುರುವಾಗುತ್ತವೆ ಎಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ ಬಳಿ ಅಂಟಿಸಿಕೊಂಡಿದ್ದೆ.

ಏರಿನ ಬುಡಕ್ಕೆ ಬರುವಾಗ ಗುಂಪಿನ ಮುಂಭಾಗದಲ್ಲಿರಬೇಕು. ಇದನ್ನು ನಾನು ಕಲಿತದ್ದು ತಡವಾಗಿ. ಮುಂದಿನಿಂದ ಶುರು ಮಾಡಿ ನನ್ನ ಪಾಡಿಗೆ ತುಳಿಯುತ್ತಿದ್ದರೆ ಒಬ್ಬೊಬ್ಬರೇ ದಾಟಿಕೊಂಡು ಹೋಗುತ್ತಾರೆ. ನೆತ್ತಿ ತಲುಪುವಾಗ ಬಾಲದಲ್ಲಿರುತ್ತೇನೆ, ಗುಂಪು ಮಾತ್ರ ಬಿಟ್ಟುಹೋಗಿರುವುದಿಲ್ಲ. ಮೊದಲ ಏರು ಹೀಗೇ ದಾಟಿತು.

ಎರಡನೆಯದು 19 ಕಿ.ಮೀ. ಅಲ್ಲಿ ಉಪಾಯ ನಡೆಯಲಿಲ್ಲ. ನಾಲ್ಕು ಕಿಲೋಮೀಟರಿಗೇ ಗುಂಪು ಒಡೆಯಿತು. ಎದುರಾಳಿ ತಂಡದ ಹಿರಿಯ ಸವಾರನೊಬ್ಬ ಕೈಯೆತ್ತಿ 'ಗ್ರುಪೆಟ್ಟೊ' ಎಂದು ಕೂಗಿದ. ಇಟಾಲಿಯನ್ ಭಾಷೆಯಲ್ಲಿ ಪುಟ್ಟ ಗುಂಪು ಎಂದರ್ಥ. ಒಟ್ಟು 38 ಮಂದಿ ಸೇರಿಕೊಂಡೆವು. ಇಲ್ಲಿ ತಂಡದ ಭೇದವಿಲ್ಲ, ಯಾರೂ ಯಾರನ್ನೂ ಸೋಲಿಸಬೇಕಿಲ್ಲ. ಹೆಚ್ಚು ಜನ ಒಟ್ಟಿಗಿದ್ದರೆ ತೀರ್ಪುಗಾರರು ಕನಿಕರ ತೋರಿದ್ದೂ ಉಂಟು: 2011ರ ಟೂರ್ ಡಿ ಫ್ರಾನ್ಸ್‌ನಲ್ಲಿ ಗಾಲಿಬಿಯೆ ಬೆಟ್ಟದ ದಿನ ಮಿತಿ ಮೀರಿದ ದೊಡ್ಡ ಗುಂಪನ್ನು ಉಳಿಸಿಕೊಂಡು, ಹಂತಗಳಲ್ಲಿ ಹೆಚ್ಚು ಅಂಕ ಗಳಿಸಿದವನಿಗೆ ಸಿಗುವ ಹಸಿರು ಜೆರ್ಸಿಯ ಲೆಕ್ಕದಲ್ಲಿ 20 ಅಂಕ ಮಾತ್ರ ಕಿತ್ತುಕೊಂಡರು. ಅದನ್ನು ನಂಬಿಕೊಂಡು ನಿಧಾನ ಮಾಡುವವನು ಗುಂಪಿನಲ್ಲಿ ಒಬ್ಬನೂ ಇರಬಾರದು.

ನಮ್ಮ ತಂಡದ ಹುಡುಗನೊಬ್ಬನಿಗೆ ಅದು ಮೊದಲ ದೊಡ್ಡ ರೇಸು. ಮುಂದಿನವರ ಬೆನ್ನು ಹತ್ತಲು ಹೋಗಿ ಸುಸ್ತಾಗಿ ನಮ್ಮೊಳಗೆ ಬಂದು ಬಿದ್ದಿದ್ದ. ಗಂಟೆಗೆ 90 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗಬೇಕು. ಇವನು ಒಂದು ಗಂಟೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಜೇಬಿನಿಂದ ಶಕ್ತಿ ಕೊಡುವ ಜೆಲ್ಲಿನ ಪೊಟ್ಟಣ ತೆಗೆದ, ಬೆರಳು ನಡುಗಿ ತುದಿ ಹರಿಯಲಾಗಲಿಲ್ಲ. ನಾನೇ ಕಿತ್ತುಕೊಂಡು ಹಲ್ಲಿನಿಂದ ಹರಿದು ಕೊಟ್ಟೆ. "ಬೆಟ್ಟ ನೋಡಬೇಡ, ನನ್ನ ಹಿಂದಿನ ಚಕ್ರ ನೋಡು" ಎಂದೆ. ಕಣ್ಣಲ್ಲಿ ನೀರಿತ್ತು, ತಲೆಯಾಡಿಸಿದ.

ನೆತ್ತಿಯಲ್ಲಿ ಮುಂದಿನವರಿಗಿಂತ 20 ನಿಮಿಷ ಹಿಂದಿದ್ದೆವು. ಬೆಟ್ಟದ ದಿನ ಉಳಿಯುವುದು ಏರಿನಲ್ಲಿ ಎಂದು ನೋಡುವವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಉಳಿಯುವುದು ಇಳಿಜಾರಿನಲ್ಲಿ, ಆಮೇಲಿನ ಕಣಿವೆಯಲ್ಲಿ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ಹೊರಗಿನ ಪೆಡಲನ್ನು ಕೆಳಗೊತ್ತಿ, ತಿರುವು ಎಲ್ಲಿ ಬಿಚ್ಚಿಕೊಳ್ಳುತ್ತದೋ ಅಲ್ಲಿಗೆ ಕಣ್ಣಿಟ್ಟು ಇಳಿದೆವು. ಕಣಿವೆಯ 26 ಕಿ.ಮೀ. ಎರಡು ಸಾಲು ಕಟ್ಟಿ, ಸರದಿಯಂತೆ ಮುಂದೆ ಬಂದು ಗಾಳಿಗೆ ಎದೆಯೊಡ್ಡಿ, ಪಕ್ಕಕ್ಕೆ ಸರಿದು ಹಿಂದೆ ಸೇರುತ್ತಿದ್ದೆವು. ಭಾರದ ಮೈ ಇಲ್ಲಿ ಕೆಲಸಕ್ಕೆ ಬಂತು. ಹುಡುಗನ ಸರದಿಯೆಲ್ಲ ನಾನೇ ತೆಗೆದುಕೊಂಡೆ.

ಕೊನೆಯ ಏರಿನ ಬುಡದಲ್ಲಿ ಅಂತರ 18 ನಿಮಿಷಕ್ಕೆ ಇಳಿದಿತ್ತು. ಅಷ್ಟರಲ್ಲಿ ಕಾರಿನಿಂದ ಸುದ್ದಿ ಬಂತು: ಮುಂದೆ ಹೊಡೆದಾಟ ಶುರುವಾಗಿದೆ, ಗೆಲ್ಲುವವನು 4 ಗಂಟೆ 40 ನಿಮಿಷಕ್ಕೇ ಮುಗಿಸುತ್ತಾನೆ. ಅಂದರೆ ಮಿತಿ 42 ನಿಮಿಷ. ಇನ್ನು ಕಳೆದುಕೊಳ್ಳಲು ಉಳಿದದ್ದು 24. ಅವನಿಗೆ 38 ನಿಮಿಷ ಹಿಡಿಯುವ 14 ಕಿಲೋಮೀಟರನ್ನು ನಾವು 62 ನಿಮಿಷದೊಳಗೆ ಹತ್ತಬೇಕು. ಗಂಟೆಗೆ 13.5 ಕಿ.ಮೀ.ಗಿಂತ ಕೆಳಗೆ ಬೀಳುವ ಹಾಗಿಲ್ಲ. ಆ ಹಿರಿಯ ಸವಾರ 14ಕ್ಕೆ ಕಟ್ಟುನಿಟ್ಟಾಗಿ ಹಿಡಿದ. ಯಾರಾದರೂ ಜೋರು ಮಾಡಿದರೆ ಗದರಿಸುತ್ತಿದ್ದ. ಹಿಂದಿನವರನ್ನು ಕಳೆದುಕೊಳ್ಳದೆ ಹತ್ತಿಸುವ ಅವನಂಥವರ ಮೇಲೆ ನನಗಿರುವ ಗೌರವ ಎಷ್ಟೋ ಗೆದ್ದವರ ಮೇಲೂ ಇಲ್ಲ.

40 ನಿಮಿಷ 35 ಸೆಕೆಂಡ್ ಹಿಂದೆ ಗುರಿ ದಾಟಿದೆವು. ಹುಡುಗನನ್ನು ಸೈಕಲ್ಲಿನಿಂದ ಇಬ್ಬರು ಹಿಡಿದು ಇಳಿಸಿದರು.

ಮರುದಿನ ಸಪಾಟು ರಸ್ತೆ. ಒಂದೂವರೆ ಕಿಲೋಮೀಟರ್ ಉಳಿದಾಗ ನನ್ನ ಮುಂದೆ ಅದೇ ಹುಡುಗ, ನನ್ನ ಹಿಂದೆ ನಮ್ಮ ಸ್ಪ್ರಿಂಟರ್. ಹುಡುಗ 900 ಮೀಟರ್ ಗುರುತಿನವರೆಗೂ ಎಳೆದು ಪಕ್ಕಕ್ಕೆ ಸರಿದ. ನಾನು 250ರವರೆಗೆ ಒಯ್ದೆ. ಸ್ಪ್ರಿಂಟರ್ ಮೂರನೆಯವನಾಗಿ ಮುಟ್ಟಿದ.